ಮುರಿಗೆವ್ವನ ದನಿ

ಗೌತಮಿ ಮೆಟ್ಟಿಲು ಹತ್ತಿ ಬಂದಾಗ ಮುರಿಗೆವ್ವ ಆಗಲೇ ಕನ್ನಡಿಯ ಮುಂದೆ ನಿಂತಿದ್ದಳು. ಅದೇ ಹಸಿರು ಇಳಕಲ್ ಸೀರೆ, ಗದ್ದದ ತನಕ ಎಳೆದ ಸೆರಗು, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲ. ಎರಡು ವರ್ಷದಿಂದ ಆ ಸೆರಗಿನೊಳಗೆ ಇದ್ದವಳು ಗೌತಮಿ. ತನ್ನನ್ನು ತಾನೇ ಹೊರಗಿನಿಂದ ನೋಡಿದಂತಾಗಿ ಅವಳಿಗೆ ನಗು ಬಂತು.

"ಯಾರ್ರಿ ಇವರು?" ಗೌತಮಿ ಕೇಳಿದಳು.

ಸೆರಗು ಮೇಲೆದ್ದಿತು. ತನ್ನ ಜೊತೆ ನಗೆ ವಿಡಿಯೊ ಮಾಡುವ ಅರುಣಕುಮಾರನ ಹೆಂಡತಿ ಸೌಭಾಗ್ಯ. ಮದುವೆಯ ಹಸಿರು ಬಳೆ ಇನ್ನೂ ಮೊಣಕೈ ತನಕ ಇದ್ದವು.

"ಬಬಲೇಶ್ವರದಾಗ ಪ್ರೋಗ್ರಾಮ್ ಐತಿ, ನಿನಗ ದವಾಖಾನಿ ಡ್ಯೂಟಿ ಅಂದಿಯಲ್ಲ," ಎಂದ ಅರುಣಕುಮಾರ, ಸೀರೆಯ ಗಂಟಿನ ಮೇಲೆ ಕೂತು ಫೋನು ಒರೆಸುತ್ತ. "ಒಂದ ದಿನದ ಮಾತು. ನಿಮ್ಮ ವೈನಿಗೆ ಸ್ವಲ್ಪ ನಡಿಗಿ ಹೇಳಿಕೊಡು ತಂಗಿ."

ಸ್ಟೇಷನ್ ರಸ್ತೆಯ ಆ ಸೀರೆ ಅಂಗಡಿ ಅವನ ಅಪ್ಪನದು. ಮೇಲಿನ ಕೋಣೆಯಲ್ಲಿ ಇವರ ಶೂಟಿಂಗ್. ಅರುಣಕುಮಾರ ಮಗ ಶಂಕ್ರೆಪ್ಪನಾಗುತ್ತಿದ್ದ, ಗೌತಮಿ ಅವನನ್ನು ಬೈಯುವ ತಾಯಿ ಮುರಿಗೆವ್ವ. ಆ ಹೆಸರು ಅವನ ಆಯಿಯದು, ಅಂದರೆ ಅಜ್ಜಿಯದು. ಬೈಗುಳ ಮಾತ್ರ ಪೂರಾ ಗೌತಮಿಯ ಅವ್ವ ಪರಸವ್ವನದು. ಅರಕೇರಿಯ ಮನೆಯಲ್ಲಿ ಬೆಳಗಾದರೆ ಕಿವಿಗೆ ಬೀಳುವುದನ್ನೇ ಬರೆದು, ಆ ದನಿಯಲ್ಲೇ ಆಡುತ್ತಿದ್ದಳು. "ಏ ಶಂಕ್ರೆಪ್ಪಾ, ಹುಟ್ಟಿದಾಗ ನೀ ಅಳಲಿಲ್ಲೋ, ನಿನ್ನ ಮಾರಿ ನೋಡಿ ನಾ ಅತ್ನಿ!" ಎಂಬ ಮಾತು ಸಂತೆಯಲ್ಲಿ ಬದನೆಕಾಯಿ ಮಾರುವವರ ಬಾಯಿಗೂ ಬಂದಿತ್ತು.

ಸೆರಗಿನ ಉಪಾಯವೂ ಅವಳದೇ. ಅವಳ ಅಣ್ಣ ಪರಮೇಶ್ವರ ಹೈಸ್ಕೂಲು ಮಾಸ್ತರ. "ನಮ್ಮ ಮನಿ ಹುಡುಗಿ ಮೊಬೈಲಿನಾಗ ಕುಣದ್ರ ಕಾಲ ಮುರೀತೇನಿ" ಎಂದವನು, ಊಟದ ತಟ್ಟೆಯ ಮುಂದೆ ಮುರಿಗೆವ್ವನ ವಿಡಿಯೊ ಹಚ್ಚಿಕೊಂಡು ನಗುತ್ತಿದ್ದ. "ಇಂಥಾಕಿ ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ" ಎಂದು ಅವ್ವನತ್ತ ಬೆರಳು ಮಾಡುತ್ತಿದ್ದ. ಹಾಗಾಗಿ ಸುರುವಿಗೇ ಗೌತಮಿ ಹೇಳಿದ್ದಳು: "ನನ್ನ ಹೆಸರ ಎಲ್ಲೂ ಬ್ಯಾಡ ಅಣ್ಣಾ. ಕಾಗದದಾಗೂ ಬ್ಯಾಡ." ಅರುಣಕುಮಾರ ಕೂಡಲೇ ಒಪ್ಪಿದ್ದ. ಅಷ್ಟು ಸಲೀಸಾಗಿ ಅವನು ಬೇರೆ ಯಾವುದಕ್ಕೂ ಒಪ್ಪಿದವನಲ್ಲ.

"ವೈನಿ, ಮೊಣಕಾಲ ನೋವಿದ್ದಾಕಿ ಹಿಂಗ ನಡಿಯಂಗಿಲ್ಲ," ಗೌತಮಿ ಸೌಭಾಗ್ಯಳ ಸೊಂಟ ಹಿಡಿದು ಒಂದು ಕಡೆಗೆ ವಾಲಿಸಿದಳು. "ಮೊದಲ ಸೊಂಟ, ಆಮ್ಯಾಲ ಕಾಲು. ಬೈಯೂ ಮುಂದ ಕೈ ಸೊಂಟದ ಮ್ಯಾಲ ಇರಬೇಕು. ಹಾಂ, ಭೇಷ್!"

ಸೌಭಾಗ್ಯ ಜಾಣೆ, ಬೇಗ ಕಲಿತಳು. ಕಲಿಸಿದ್ದಕ್ಕೆ ಗೌತಮಿಗೂ ಖುಷಿಯಾಯಿತು.

ಅರುಣಕುಮಾರ ಎಲ್ಲ ಮುಗಿಯುವ ತನಕ ಕಾದ. ಚಹಾ ತರಿಸಿದ. ಗಂಡ ಹೆಂಡತಿಗೆ ಸ್ಟೀಲಿನ ಲೋಟ, ಗೌತಮಿಗೆ ಎಂದಿನಂತೆ ಕಾಗದದ ಕಪ್ಪು. ಅವಳು ಅರ್ಧ ಕುಡಿದ ಮೇಲೆ ಹೇಳಿದ.

"ಇನ್ನ ಮ್ಯಾಲ ನೀ ಬರೂದು ಬ್ಯಾಡ."

"ಯಾಕ್ರಿ? ನಾ ಏನ್ ತಪ್ಪ ಮಾಡೀನಿ?"

"ತಪ್ಪಲ್ಲ ತಂಗಿ. ಬೀಗರು ಮಾತಾಡ್ತಾರ. ಮನ್ಯಾಗ ಮಂದಿ ಇದ್ದಾಗ ಹೊರಗಿನವ್ರು ಯಾಕ ಅಂತಾರ."

"ಮುರಿಗೆವ್ವನ್ನ ನಾವಿಬ್ರೂ ಕೂಡಿ ಮಾಡೀವಿ ಅಣ್ಣಾ."

"ಯಾರಿಲ್ಲ ಅಂದ್ರು? ಆದ್ರ ಮಂದಿ ಏನ ನೋಡ್ಯಾರ? ಸೀರಿ ನೋಡ್ಯಾರ. ಸೀರಿ ಅಂಗಡಿದು. ಹೆಸರ ನಮ್ಮ ಆಯಿದು."

"ದನಿ?"

"ದನಿ ಫೋನಿನಾಗ ಐತಿ." ಅವನು ಫೋನನ್ನು ಜೇಬಿಗೆ ಇಳಿಸಿದ. "ಬೇಕಂದ್ರ ನಿಮ್ಮ ಅಣ್ಣಗ ಕಳಸು, ಕುಂತು ಮಾತಾಡೂನು."

ಗೌತಮಿ ಅರ್ಧ ಕುಡಿದ ಕಪ್ಪನ್ನು ನೆಲದ ಮೇಲಿಟ್ಟು ಎದ್ದಳು. ಸೌಭಾಗ್ಯ ಸೆರಗು ಇಳಿಸಿಕೊಂಡು ಮತ್ತೆ ಕನ್ನಡಿಯ ಮುಂದೆ ನಡೆಯತೊಡಗಿದಳು. ಮೊದಲು ಸೊಂಟ, ಆಮೇಲೆ ಕಾಲು.

ಬಬಲೇಶ್ವರದ ಪ್ರೋಗ್ರಾಮಿನ ತುಣುಕುಗಳನ್ನು ಅವಳು ಸೊಲ್ಲಾಪುರ ರಸ್ತೆಯ ದವಾಖಾನೆಯ ಬಿಲ್ ಕೌಂಟರಿನಲ್ಲಿ ಕೂತು ನೋಡಿದಳು. ಸೆರಗಿನೊಳಗೆ ಬೇರೆ ಯಾರೋ ಇದ್ದಾರೆಂದು ಕೆಳಗಿನ ಕಮೆಂಟುಗಳಲ್ಲಿ ಒಬ್ಬರೂ ಬರೆದಿರಲಿಲ್ಲ. ಮುಂದಿನ ವಾರ ತಿಕೋಟಾದಲ್ಲಿ ಹೊಸ ಬಟ್ಟೆ ಅಂಗಡಿಯ ಉದ್ಘಾಟನೆಗೆ ಮುರಿಗೆವ್ವ ಬರುತ್ತಾಳೆಂದು ಗೊತ್ತಾದಾಗ ರಜೆ ಹಾಕಿ ಬಸ್ಸು ಹತ್ತಿದಳು. ಸೀರೆ ಹೋಗಲಿ, ಹೆಸರು ಹೋಗಲಿ, ತಾನು ಒಮ್ಮೆ ಬಾಯಿ ತೆರೆದರೆ ಜನ ಗುರುತು ಹಿಡಿಯುತ್ತಾರೆ. ಅಣ್ಣನಿಗೆ ತಿಳಿದರೆ ತಿಳಿಯಲಿ, ಕಾಲು ಮುರಿದರೆ ಮುರಿಯಲಿ. ದಾರಿಯುದ್ದಕ್ಕೂ ಇದನ್ನೇ ಅಂದುಕೊಳ್ಳುತ್ತ ಬಂದಳು.

ಪೆಂಡಾಲಿನಲ್ಲಿ ಹೆಂಗಸರೇ ತುಂಬಿದ್ದರು. ಸೌಭಾಗ್ಯ ಕೈಯನ್ನು ಸೊಂಟದ ಮೇಲಿಟ್ಟು, ಮೈಕನ್ನು ಸೆರಗಿನೊಳಗೆ ಹಿಡಿದಿದ್ದಳು. ಸ್ಪೀಕರಿನಿಂದ ಬೈಗುಳ ಸುರಿಯುತ್ತಿತ್ತು. ಗೌತಮಿ ಕುರ್ಚಿಯಲ್ಲಿ ಕೂತು ಕಿವಿಗೊಟ್ಟಳು. ಒಂದು ಮಾತಿನ ನಡುವೆ ಸಣ್ಣ ಕೆಮ್ಮು ಬಂತು. ಯುಗಾದಿಯ ಹೊತ್ತಿಗೆ ತನಗೆ ನೆಗಡಿಯಾಗಿದ್ದಾಗಿನ ಕೆಮ್ಮು ಅದು. ಸೌಭಾಗ್ಯ ಏನೂ ಮಾತಾಡುತ್ತಿರಲಿಲ್ಲ. ಅರುಣಕುಮಾರನ ಹೆಬ್ಬೆರಳು ಫೋನಿನ ಮೇಲಿತ್ತು.

ಗೌತಮಿ ಎದ್ದು ನಿಂತು ಕೂಗಿದಳು. "ಏ ಶಂಕ್ರೆಪ್ಪಾ!"

ತಲೆಗಳೆಲ್ಲ ತಿರುಗಿದವು. ಅರುಣಕುಮಾರ ಅವಳನ್ನು ನೋಡಿದ. ಹೆಬ್ಬೆರಳು ಒತ್ತಿ ಫೋನಿನ ಮಾತು ನಿಲ್ಲಿಸಿದ. ವ್ಯಾಪಾರಿಯ ಮಗ, ಬೇಗ ಚೇತರಿಸಿಕೊಂಡ.

"ಬಂದ್ಲು ನೋಡ್ರಿ ಇನ್ನೊಬ್ಬಾಕಿ ಮುರಿಗೆವ್ವ! ಈಗ ಊರಿಗೊಬ್ಬಾಕಿ ಹುಟ್ಟ್ಯಾಳ! ಬಾ ತಂಗಿ, ಮ್ಯಾಲ ಬಾ. ಇಬ್ಬರದೂ ಪಂದ್ಯಾ ಹಚ್ಚೇ ಬಿಡೂನು. ಸೆರಗ ಹಾಕ್ಕೋ ಮತ್ತ!"

ಹೆಂಗಸರು ಚಪ್ಪಾಳೆ ತಟ್ಟಿ ದೂಡಿದರು. ಗೌತಮಿ ವೇದಿಕೆ ಹತ್ತಿ, ಓಢಣಿಯನ್ನು ಮುಖದ ಮೇಲೆ ಎಳೆದುಕೊಂಡು ಮೈಕು ಹಿಡಿದಳು. "ಹುಟ್ಟಿದಾಗ ನೀ ಅಳಲಿಲ್ಲೋ..." ಸಿಟ್ಟಿನಲ್ಲಿ ಅವ್ವನ ದನಿ ಬರಲಿಲ್ಲ. ಯಾರೋ ಬೇಡಿಕೊಳ್ಳುವಂಥ ದನಿ ಬಂತು. ಅಲ್ಲಲ್ಲಿ ಒಬ್ಬಿಬ್ಬರು ನಕ್ಕರು.

ಅರುಣಕುಮಾರ ಫೋನು ಒತ್ತಿದ. ಅದೇ ಮಾತು ಎರಡು ಸ್ಪೀಕರಿನಲ್ಲಿ, ಕಂಚಿನಂತೆ ಮೊಳಗಿತು. ಪೆಂಡಾಲು ಶಿಳ್ಳೆ ಹಾಕಿತು.

"ಅಸಲಿ ಅಂದ್ರ ಅಸಲೀನ ಬಿಡ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಗೌತಮಿ ಮುಖದ ಮೇಲಿನ ಓಢಣಿಯನ್ನು ಹೆಗಲಿಗೆ ಎಳೆದಳು. "ಆ ದನಿ ನಂದ್ರಿ! ಆಕಿ ಬಾಯೇ ತೆರದಿಲ್ಲ! ಫೋನಿನಾಗ ನಾನ ಮಾತಾಡಾಕತ್ತೇನಿ, ನಾನ ಮುರಿಗೆವ್ವ!"

ಜನ ಅವಳ ಮುಖವನ್ನು ನೋಡಿದರು. ಹಿಂದೆ ನೋಡಿದ ಮುಖವಲ್ಲ. ಯಾರಿಗೂ ಏನೂ ಅನಿಸಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಅದು ಹಿಂದಕ್ಕೆ ಹಬ್ಬಿತು.

"ಸುರು ಆತ್ರಿ ಅತ್ತಿ ಸೊಸಿ ಜಗಳ!" ಅರುಣಕುಮಾರ ಕೈ ಎತ್ತಿದ. "ಏನಂತೀ ಯವ್ವಾ ಇಕಿಗೆ?"

ಸೌಭಾಗ್ಯ ಸೊಂಟ ವಾಲಿಸಿ ಗೌತಮಿಯ ಕಡೆ ತಿರುಗಿದಳು. ಅವನು ಹೆಬ್ಬೆರಳು ಸರಿಸಿ, ಹುಡುಕಿ, ಒತ್ತಿದ.

"ಮೊದಲ ನಿನ್ನ ಮೂಗ ಒರಸ್ಕೋ ಹೋಗ, ಆಮ್ಯಾಲ ನನಗ ಶಾಣೆತನ ಹೇಳಾಕ ಬಾ!"

ಗೌತಮಿಯ ಕೈ ತಾನಾಗಿಯೇ ಮೂಗಿಗೆ ಹೋಯಿತು. ಮೂಗು ಒದ್ದೆಯಾಗಿತ್ತು. ಅದನ್ನು ಕಂಡ ಜನ ಕುರ್ಚಿ ಬಿಟ್ಟೆದ್ದು ನಕ್ಕರು.

ಅಂಗಡಿಯ ಮಾಲೀಕ ಬಂದು ಅವಳ ಕೈಗೆ ರವಿಕೆ ಹೊಲಿಸಲು ಒಂದು ಕುಬಸದ ಖಣ ಕೊಟ್ಟ. "ಧೈರ್ಯಾ ಮಾಡಿದ್ದಕ್ಕ ಬಹುಮಾನ! ಹೆಸರೇನ ತಂಗಿ?" ಎಂದ ಅರುಣಕುಮಾರ. ಅವಳು ಬಾಯಿ ತೆರೆಯುವಷ್ಟರಲ್ಲಿ ಮೈಕು ಮತ್ತೆ ಅವನ ಬಾಯಿಯ ಹತ್ತಿರ ಹೋಗಿತ್ತು.

ಹೊರಗೆ ಹೋಗಲು ದಾರಿಯಿರಲಿಲ್ಲ. ಜನ ಬಾಗಿಲ ತನಕ ನಿಂತಿದ್ದರು. ಒಬ್ಬ ಮುದುಕಿ ಅವಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಕುಂದ್ರು ಯವ್ವಾ. ಅಷ್ಟು ಮಂದಿ ಮುಂದ ನಿಂದರಾಕ ಎದಿ ಬೇಕ. ಆದ್ರ ಆಕಿ ದನಿ ಯಾರಿಗೂ ಬರಂಗಿಲ್ಲ ಬಿಡ. ಅದು ದೇವರ ಕೊಟ್ಟಿದ್ದು."

ವೇದಿಕೆಯ ಮೇಲೆ ಬೈಗುಳ ಮತ್ತೆ ಸುರುವಾಯಿತು. ಮುದುಕಿ ನಕ್ಕಳು. ನಗು ತಡೆಯಲಾರದೆ ಬಾಗಿದಳು, ಕಣ್ಣಲ್ಲಿ ನೀರು ಬಂತು. ಗೌತಮಿಯ ಹೆಗಲ ಮೇಲಿದ್ದ ಓಢಣಿಯ ತುದಿ ಎಳೆದುಕೊಂಡು ಕಣ್ಣೊರೆಸಿಕೊಂಡಳು. ಮುಂದಿನ ಮಾತಿಗೂ ಬೇಕಾಗುತ್ತದೆಂದು, ಬಿಡದೆ ಮುಷ್ಟಿಯಲ್ಲೇ ಹಿಡಿದು ಕೂತಳು.