ಹಿಟ್ಟು ಉಬ್ಬುವ ಹೊತ್ತು

ಕುಮಾರಸ್ವಾಮಿ ಲೇಔಟ್‌ನ ನಾರಾಯಣಮ್ಮನ ಮನೆಯ ಕೆಳಗಡೆ ಇಡ್ಲಿಹಿಟ್ಟು ಹುದುಗುವ ಕೋಣೆಯೊಂದಿತ್ತು. ಸುತ್ತಲಿನ ಅಂಗಡಿಗಳಿಗೆಲ್ಲ ಹಿಟ್ಟು ಹೋಗುತ್ತಿದ್ದುದು ಅಲ್ಲಿಂದಲೇ. ಧನುರ್ಮಾಸದ ಚಳಿಗೆ ಹಿಟ್ಟು ಉಬ್ಬದೆ ಚರಂಡಿ ಪಾಲಾದ ಮೇಲೆ ಅವಳ ಮಗ ದಿನೇಶ್ ಉಷ್ಣತೆ ಅಳೆಯುವ ಯಂತ್ರವೊಂದನ್ನು ತರಿಸಿದ. ಅದಕ್ಕೆ ವೈರ್ ಎಳೆದುಕೊಡಲು ಭಾನುವಾರ ಮಧ್ಯಾಹ್ನ ಬೊಮ್ಮನಹಳ್ಳಿಯಿಂದ ಬಿಂದುಶ್ರೀ ಬಂದಳು. ಅಲ್ಲಿನ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು ಅವಳ ಕಸುಬು.

ಯಂತ್ರದಲ್ಲಿ ತಾನಾಗಿಯೇ ಸ್ವಿಚ್ ಹಾಕಿ ಆರಿಸುವ ಎರಡು ರಿಲೇಗಳಿದ್ದವು. ಚಳಿಯಾದರೆ ಒಂದು ರಿಲೇ ಹೀಟರ್ ಹಾಕಬೇಕು, ಬಿಸಿ ಮಿತಿ ಮೀರಿದರೆ ಇನ್ನೊಂದು ಮಹಡಿಯ ಮೇಲೆ ಅಮ್ಮನ ಕೋಣೆಯಲ್ಲಿ ಬೆಲ್ ಹೊಡೆಯಬೇಕು ಎಂದ ದಿನೇಶ್. ಅನಲಾಗ್ ಔಟ್‌ಪುಟ್ ಎಂದು ಬರೆದಿದ್ದ ಇನ್ನೆರಡು ತಿರುಪುಗಳನ್ನು ಅವಳು ತೋರಿಸಿದಾಗ, ಅದೆಲ್ಲ ಬೇಡವೆಂದು ಹೇಳಿ ಉದ್ದಿನಬೇಳೆ ತರಲು ಸಾರಕ್ಕಿ ಮಾರುಕಟ್ಟೆಗೆ ಹೊರಟುಹೋದ.

ಕೋಣೆಯೊಳಗೆ ಹುಳಿಗಂಪು ತೆಳುವಾಗಿ ಹರಡಿತ್ತು. ಮುಚ್ಚಿಟ್ಟ ಡ್ರಮ್ಮುಗಳೊಳಗಿಂದ ನಿದ್ದೆಯಲ್ಲಿ ಮಗು ಬಾಯಿ ಚಪ್ಪರಿಸಿದಂಥ ಸದ್ದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಬಿಂದುಶ್ರೀ ವೈರುಗಳ ತುದಿ ಸುಲಿದು, ತಿರುಪು ಬಿಗಿದು, ಪರೀಕ್ಷೆಗೆಂದು ಸೆನ್ಸರನ್ನು ಬಿಸಿನೀರಿನ ಲೋಟದಲ್ಲಿ ಅದ್ದಿದಳು. ರಿಲೇ ಟಿಕ್ ಎಂದಿತು. ಮೇಲೆ ಬೆಲ್ ಹೊಡೆಯತೊಡಗಿತು. ಆದರೆ ಯಾರೂ ಎದ್ದ ಸುಳಿವಿಲ್ಲ.

ಅವಳು ಮೆಟ್ಟಿಲು ಹತ್ತಿ ನೋಡಿದಳು. ತಲೆಯ ಮೇಲೆಯೇ ಬೆಲ್ ಅರಚುತ್ತಿದ್ದರೂ ನಾರಾಯಣಮ್ಮ ಕಿಟಕಿಯ ಬಿಸಿಲಿನಲ್ಲಿ ಕೂತು ನಿಧಾನವಾಗಿ ಮೆಂತ್ಯ ಆರಿಸುತ್ತಿದ್ದಳು. ನೆಲದ ಮೇಲೆ ನೆರಳು ಬಿದ್ದಾಗ ಮಾತ್ರ ತಲೆಯೆತ್ತಿದಳು. ಬಿಂದುಶ್ರೀಯ ಮುಖ ನೋಡುತ್ತಲೇ ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

“ಹೊಡ್ಕೊತಾ ಐತಾ?” ಎಂದಳು. ಬಿಂದುಶ್ರೀ ತಲೆಯಾಡಿಸಿದಳು.

“ದಿನೇಶಂಗೆ ಹೇಳ್ಬೇಡ ಕಣವ್ವ. ಕಿವಿ ಹೋಗೈತೆ ಅಂತ ಗೊತ್ತಾದ್ರೆ ನಿನ್ ಕೈಲಾಗಲ್ಲ ಬಿಡು ಅಂತ ನಾಳೆನೇ ಹಿಟ್ಟಿನ ಕೋಣೆಗೆ ಬೀಗ ಹಾಕ್ತಾನೆ.”

ತುಟಿಯ ಚಲನೆ ನೋಡಿಕೊಂಡೇ ಇಷ್ಟು ದಿನ ಸಂಭಾಳಿಸಿದ್ದಳಂತೆ. ಬಿಂದುಶ್ರೀ ಕೆಳಗಿಳಿದು ಬೆಲ್ ನಿಲ್ಲಿಸಿ, ಡ್ರಮ್ಮಿಗೆ ಒರಗಿ ಕೂತಳು. ಕೇಳದವರ ತಲೆಯ ಮೇಲೊಂದು ಬೆಲ್ ಕಟ್ಟಿ, ಕೆಲಸ ಮುಗಿಯಿತು ಎಂದು ಹೇಳಿಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಬೆಚ್ಚಗಿನ ಗಾಳಿಗೆ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಆ ಕೋಣೆ ದೊಡ್ಡದೊಂದು ಹೊಟ್ಟೆಯಂತೆ, ಮೆಲ್ಲಗೆ ಉಬ್ಬಿ ಇಳಿಯುತ್ತಿರುವಂತೆ ಕಂಡಿತು. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಖಾಲಿ ಬಿಟ್ಟಿದ್ದ ಆ ಎರಡು ತಿರುಪುಗಳು.

ಯಾವುದೋ ಕಾರ್ಖಾನೆಯಲ್ಲಿ ಕಳಚಿದ ಮುಳ್ಳಿನ ಮೀಟರ್ ಒಂದು ಅವಳ ಚೀಲದಲ್ಲಿತ್ತು. ಅನಲಾಗ್ ಔಟ್‌ಪುಟ್‌ನಿಂದ ಮೆಟ್ಟಿಲುಗುಂಟ ವೈರ್ ಎಳೆದು, ಉಷ್ಣತೆ ಏರಿದಷ್ಟೂ ಮುಳ್ಳು ಏರುವಂತೆ ಅದನ್ನು ನಾರಾಯಣಮ್ಮನ ಕಿಟಕಿಯ ಪಕ್ಕ ಕೂರಿಸಿದಳು. ಮುಳ್ಳು ಸೊನ್ನೆಗಿಂತ ಹಿಂದಕ್ಕೆ ಹೋಗಿ ಒತ್ತಿಕೊಂಡಿತು. ನಿದ್ದೆಗಣ್ಣಿನಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದಳು. ಸರಿಮಾಡಿದ ಮೇಲೆ ಮುಳ್ಳು ಒಮ್ಮೆ ನಡುಗಿ, ನೀರಿನಿಂದ ಮೇಲೇಳುವ ಮೀನಿನ ಹಾಗೆ ಸದ್ದಿಲ್ಲದೆ ಏರಿ ನಿಂತಿತು. ಬೆಲ್ ಹೊಡೆದಾಗಲೇ ಉರಿಯುವಂತೆ, ಅದರ ರಿಲೇಗೆ ಮೀಟರಿನ ಪಕ್ಕ ಒಂದು ಕೆಂಪು ಬಲ್ಬನ್ನೂ ಸೇರಿಸಿದಳು.

ನಾರಾಯಣಮ್ಮನನ್ನು ಕೆಳಗೆ ಕರೆತಂದು, ಅವಳ ಅಂಗೈಯನ್ನು ಯಂತ್ರದ ಪೆಟ್ಟಿಗೆಯ ಮೇಲಿಟ್ಟಳು. ರಿಲೇ ಟಿಕ್ಕೆಂದು ಬಡಿಯಿತು. ಮುದುಕಿಯ ಮುಖ ಅರಳಿತು.

“ಒಳಗೆ ಯಾರೋ ಚಿಟಿಕೆ ಹೊಡೆದಂಗಾಯ್ತು” ಎಂದಳು. ಕೈ ತೆಗೆಯದೆ ಮುಂದಿನ ಚಿಟಿಕೆಗಾಗಿ ಬಹಳ ಹೊತ್ತು ಕಾದಳು. ಬಿಂದುಶ್ರೀ ಪಕ್ಕದಲ್ಲೇ ನಿಂತಿದ್ದಳು. ಇಬ್ಬರಿಗೂ ಅವಸರವಿರಲಿಲ್ಲ.

ಸಂಜೆ ದಿನೇಶ್ ಮಹಡಿ ಹತ್ತಿ ಬಂದು, ತಾನು ಹೇಳದೇ ಇದ್ದ ಮೀಟರನ್ನೂ ಬಲ್ಬನ್ನೂ ನೋಡಿ ಇದೆಲ್ಲ ಯಾಕೆ ಎಂದು ಕೇಳಿದ. ಬಿಂದುಶ್ರೀ ಏನಾದರೊಂದು ನೆಪ ಹುಡುಕುವಷ್ಟರಲ್ಲಿ ನಾರಾಯಣಮ್ಮನೇ ಬಾಯಿಬಿಟ್ಟಳು.

“ನಂಗೆ ಬೆಲ್ ಕೇಳ್ಸಲ್ಲ ಕಣೋ. ಮುಳ್ಳು ಕಾಣ್ಸುತ್ತೆ. ಅದಕ್ಕೇ ಹಾಕುಸ್ಕೊಂಡೆ.”

ದಿನೇಶ್ ಹೊತ್ತಿದ್ದ ಬೇಳೆಯ ಮೂಟೆ ಇಳಿಸಿದ. ಕರೆದರೂ ಓಗೊಡಲಿಲ್ಲವೆಂದು ಅವಳ ಮೇಲೆ ರೇಗಿದ್ದೆಲ್ಲ ಅವನಿಗೆ ನೆನಪಾದಂತಿತ್ತು. ಆಮೇಲೆ ಅವಳ ಎದುರಿಗೆ, ತನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಕುಕ್ಕರಗಾಲಲ್ಲಿ ಕೂತ.

“ಮುಳ್ಳು ಎಲ್ಲಿಗೆ ಬಂದ್ರೆ ಹಿಟ್ಟು ಸರಿಯಾಗಿ ಬರುತ್ತಮ್ಮಾ?” ಎಂದು ಬಿಡಿಸಿ ಬಿಡಿಸಿ ಕೇಳಿದ.

ನಾರಾಯಣಮ್ಮ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. ಬಿಂದುಶ್ರೀ ಅಲ್ಲೊಂದು ಗೆರೆ ಎಳೆದಳು.