ಸೀಟಿನ ಕೆಳಗಿನ ಬ್ಯಾಟರಿಗೆ ಮೂರು ತಿಂಗಳ ತೀರ್ಥ

ಮಂಡ್ಯದ ಕನಕಲಕ್ಷ್ಮಿ ತನ್ನ ಅರವತ್ತನಾಲ್ಕು ವರ್ಷದಲ್ಲಿ ಕಂಡಿದ್ದ ಅತಿ ದೊಡ್ಡ ನೀರೆಂದರೆ ವಿ.ಸಿ. ನಾಲೆ. ಸಮುದ್ರ ನೋಡಬೇಕೆಂದು ಮದುವೆಯಾದ ವಾರಕ್ಕೇ ಗಂಡನನ್ನು ಕೇಳಿದ್ದಳು. ಗಂಡ ತಿರುನಾರಾಯಣರು ಅರ್ಚಕರು. ತಾವು ಒಂದು ದಿನ ಪೂಜೆ ತಪ್ಪಿಸಿದರೆ ಭೂಮಿ ತಿರುಗುವುದನ್ನೇ ನಿಲ್ಲಿಸುತ್ತದೆ ಎಂದು ನಂಬಿದ್ದವರು. ಕೊನೆಗೂ ತಮ್ಮನ ಮಗನಿಗೆ ಪೂಜೆ ವಹಿಸುವ ಹೊತ್ತಿಗೆ ನಲವತ್ತು ವರ್ಷ ಕಳೆದು, ಅವಳ ತಲೆ ಸೂಲಂಗಿ ಹೂ ಬಿಟ್ಟ ಕಬ್ಬಿನ ಗದ್ದೆಯ ಹಾಗೆ ಬೆಳ್ಳಗಾಗಿತ್ತು.

ಈಗ ರಾಮೇಶ್ವರಕ್ಕೆ ಹೊರಟಿದ್ದರು. ಹಳೆಯ ವ್ಯಾನಿನೊಳಗೇ ಮಂಚ, ಒಲೆ, ಫ್ಯಾನು, ಪುಟ್ಟ ಫ್ರಿಜ್ಜು. ಗಾಡಿ ಓಡಿಸಲು ಒಂದು ಬ್ಯಾಟರಿ, ಮನೆ ನಡೆಸಲು ಸೀಟಿನ ಕೆಳಗೆ ಇನ್ನೊಂದು. ಮದ್ದೂರು ಮುಟ್ಟುವಷ್ಟರಲ್ಲಿ ಫ್ಯಾನು ನಿಂತಿತು, ಫ್ರಿಜ್ಜು ಮೌನವ್ರತ ಹಿಡಿಯಿತು. ಇಂಜಿನ್ನು ಮಾತ್ರ ತನಗೂ ಅವಕ್ಕೂ ನೆಂಟಸ್ತಿಕೆಯೇ ಇಲ್ಲವೆಂಬಂತೆ ಗುರುಗುಟ್ಟುತ್ತಿತ್ತು.

“ಇಪ್ಪತ್ತು ಕಿಲೋಮೀಟರಿಗೇ ಅಪಶಕುನ ಕಣೆ,” ಎಂದರು ತಿರುನಾರಾಯಣರು. “ದೇವರಿಗೆ ಇಷ್ಟವಿಲ್ಲ. ವಾಪಸ್ ಹೋಗೋಣ.”

“ಇಷ್ಟವಿಲ್ಲದಿದ್ರೆ ಇಂಜಿನ್ನೇ ನಿಲ್ಲಿಸ್ತಿದ್ದ. ಫ್ಯಾನಿನ ಮೇಲೆ ಯಾಕೆ ಕೋಪ ತೀರಿಸ್ಕೋತಾನೆ? ಮೊದ್ಲು ಯಾರಿಗಾದ್ರೂ ತೋರಿಸ್ರೀ.”

ಮದ್ದೂರಿನಲ್ಲಿ ರಾಮೇಶ್ವರದ ದಾರಿ ಹಿಡಿದು ಮಳವಳ್ಳಿ ಕಡೆ ತಿರುಗಬೇಕಿದ್ದ ಗಾಡಿ, ಯಾರೋ ಹೇಳಿದರೆಂದು ಊರು ದಾಟಿ ಸೋಮನಹಳ್ಳಿಯ ಲಿಂಗಯ್ಯನ ಬ್ಯಾಟರಿ ಅಂಗಡಿಗೆ ಹೋಯಿತು. ಲಿಂಗಯ್ಯ ಫ್ಯಾನಿನ ಸ್ವಿಚ್ಚನ್ನು ನಾಲ್ಕು ಸಲ ಒತ್ತಿದ. ಸೀಟಿನ ಮೇಲೆ ಪೇರಿಸಿದ್ದ ಅಕ್ಕಿ ಮೂಟೆ, ಹಾಸಿಗೆ ನೋಡಿ ಅವನಿಗೆ ಸೋಮಾರಿತನ ಬಂತು.

“ಬ್ಯಾಟ್ರಿ ಕೆಟ್ಟೋಗದೆ ಸ್ವಾಮಿ. ಈ ಸೈಜಿಂದು ಬೆಂಗ್ಳೂರಿಂದ ತರಿಸ್ಬೇಕು. ಮೂರ್ ದಿನ ಆಯ್ತದೆ.”

“ನೋಡಿದೆಯಾ?” ಎಂದು ತಿರುನಾರಾಯಣರು ಗಾಡಿಯ ಕೀ ತೆಗೆದುಕೊಂಡರು.

ಸೀಟಿನ ಕೆಳಗೆ ಏನಿದೆ ಎಂಬುದು ಕನಕಲಕ್ಷ್ಮಿಯೊಬ್ಬಳಿಗೇ ಗೊತ್ತು. ತೆಗೆಸಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಸಮುದ್ರ ಹೋಗುತ್ತದೆ.

“ಒಂದ್ಸಲ ತೆಗೆದು ನೋಡಪ್ಪ ಲಿಂಗಯ್ಯ,” ಎಂದಳು.

ಗೊಣಗುತ್ತಲೇ ಲಿಂಗಯ್ಯ ಮೂಟೆ ಇಳಿಸಿ ಹಲಗೆ ಎತ್ತಿದ. ಎತ್ತಿದವನು ಹಾಗೇ ನಿಂತ.

“ಇದೇನ್ ಸ್ವಾಮಿ, ಬ್ಯಾಟ್ರಿನೋ ಮಾರಮ್ಮನ ಗುಡಿನೋ?”

ಬ್ಯಾಟರಿಯ ಮೈತುಂಬ ಅರಿಸಿನ, ಕುಂಕುಮ, ಒಣಗಿದ ತುಳಸಿ. ತಂತಿ ಕಚ್ಚಿಕೊಂಡಿದ್ದ ಎರಡು ತುದಿಯಲ್ಲೂ ಬಿಳಿ, ಹಸಿರು ಕಿಲುಬು ಹೂಕೋಸಿನಂತೆ ಅರಳಿತ್ತು.

ಲಿಂಗಯ್ಯ ಮೊದಲು ಮೈನಸ್ ತಂತಿ ಬಿಚ್ಚಿದ. “ಪ್ಲಸ್ ಮೊದ್ಲು ಬಿಚ್ಚಕ್ ಓಗಿ ಸ್ಪ್ಯಾನರು ಗಾಡಿ ಬಾಡಿಗ್ ತಗುಲುದ್ರೆ ಕಿಡಿ ಸಿಡೀತದೆ. ದೀಪಾವಳಿಗಿನ್ನೂ ದಿನ ಅದೆ.” ಆಮೇಲೆ ಪ್ಲಸ್ ಬಿಚ್ಚಿ, ತುಂಬು ಗಬ್ಬದ ಎಮ್ಮೆಯಷ್ಟು ಭಾರದ ಬ್ಯಾಟರಿಯನ್ನು ತಿಣುಕುತ್ತಾ ಕೆಳಗಿಳಿಸಿ, ತುದಿ ಕೆರೆದು ಮೀಟರು ಹಿಡಿದ. ಹನ್ನೆರಡೂವರೆ ವೋಲ್ಟು ತೋರಿಸಿತು.

“ನಾನೇ ದುಡುಕ್ಬುಟ್ಟೆ. ಬ್ಯಾಟ್ರಿ ಗಟ್ಟಿಯಾಗದೆ. ಒಳಗೆ ಕರೆಂಟದೆ, ಈಚೆಗ್ ಬರಕ್ಕೆ ಈ ಕಿಲುಬು ಬುಡ್ತಿಲ್ಲ. ಇದ್ರ ಮ್ಯಾಲೆ ದಿನಾ ನೀರ್ ಬಿದ್ದದೆ.”

“ಮಳೆ ನೀರು ಸೋರಿರಬೇಕು,” ಎಂದರು ತಿರುನಾರಾಯಣರು. “ಅಂದಮೇಲೆ ಅದೂ ದೇವರ ಇಚ್ಛೆಯೇ.”

“ಮಳೆಯಲ್ಲ ರೀ, ನಾನು.” ಕನಕಲಕ್ಷ್ಮಿ ಸೆರಗಿನ ತುದಿ ಹಿಂಡುತ್ತಾ ಹೇಳಿದಳು. “ಬೆಳಿಗ್ಗೆ ನೀವು ಕೊಡೋ ತೀರ್ಥದಲ್ಲಿ ಅರ್ಧ ಕುಡಿದು ಅರ್ಧ ಇದಕ್ಕೆ ಹಾಕ್ತಿದ್ದೆ. ಮೂರು ತಿಂಗಳಿಂದ. ಪಂಚಾಮೃತ ಇದ್ದ ದಿನ ಅದನ್ನೂ. ಸಮುದ್ರದ ತನಕ ಕೈ ಬಿಡದಿರಲಿ ಅಂತ.”

ಲಿಂಗಯ್ಯ ನಗು ತಡೆಯಲು ಮೀಸೆ ಕಚ್ಚಿದ. “ನಮ್ಮೋರು ವರ್ಸಕ್ಕೊಂದ್ ದಪ ಆಯುಧಪೂಜೆ ಮಾಡ್ತಾರೆ, ಆ ಕುಂಕುಮ ಉಜ್ಜೋದ್ರಲ್ಲೇ ನನ್ ಆಯಸ್ಸು ಓಯ್ತು. ನೀವು ದಿನಾ ಮಾಡಿದ್ದೀರಲ್ಲ ಕಣಮ್ಮ.”

ತಿರುನಾರಾಯಣರು ಬ್ಯಾಟರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತುಳಸಿ ಎಲೆಯೊಂದನ್ನು ಮೆಲ್ಲಗೆ ಬಿಡಿಸಿದರು.

“ನಲವತ್ತು ವರ್ಷ ಪೂಜೆ ಮಾಡಿದೆ. ಊರಿನವರ ಹೆಸರು, ಗೋತ್ರ, ನಕ್ಷತ್ರ ಎಲ್ಲ ಹೇಳಿದೆ. ನಿನ್ನ ಸಮುದ್ರದ ಮಾತು ಒಂದು ದಿನವೂ ಎತ್ತಲಿಲ್ಲ,” ಎಂದರು. ಎಲೆಯನ್ನು ಪಕ್ಕಕ್ಕಿಟ್ಟು, “ಅಡುಗೆ ಸೋಡಾ ಇದ್ದರೆ ಕೊಡು,” ಎಂದರು.

ಅವಳು ಬಿಸಿನೀರಿಗೆ ಸೋಡಾ ಕಲಸಿ ತಂದಳು. ಲಿಂಗಯ್ಯ ಬ್ರಷ್ಷು ಹಿಡಿಯಲು ಹೋದರೆ ಅರ್ಚಕರು ಬಿಡಲಿಲ್ಲ. ಉತ್ಸವಮೂರ್ತಿಗೆ ಹುಣಸೆಹುಳಿ ಹಾಕಿ ತಿಕ್ಕುವ ಕೈಯಲ್ಲೇ ತಿಕ್ಕಿದರು. ಬುಸಬುಸನೆ ನೊರೆಯೆದ್ದು ಕಿಲುಬು ಹರಿದುಹೋಯಿತು. ಲಿಂಗಯ್ಯ ಒರೆಸಿ ಒಳಗಿಟ್ಟು, ಈ ಸಲ ಪ್ಲಸ್ ಮೊದಲು, ಮೈನಸ್ ಆಮೇಲೆ ಬಿಗಿದು, ಗ್ರೀಸು ಸವರಿದ. ಫ್ಯಾನು ಎರಡು ಸಲ ಕೆಮ್ಮಿ, ಅಕ್ಕಿ ಮೂಟೆಯನ್ನೇ ಹಾರಿಸುವ ಹಾಗೆ ತಿರುಗಿತು.

ಮತ್ತೆ ಮದ್ದೂರು ಬಂತು. ನೇರ ಹೋದರೆ ಮಂಡ್ಯ, ಎಡಕ್ಕೆ ಮಳವಳ್ಳಿ. ಕನಕಲಕ್ಷ್ಮಿ ರಸ್ತೆ ನೋಡುತ್ತಾ ಕೂತಿದ್ದಳು. ತಿರುವು ಇನ್ನೂ ಅರ್ಧ ಕಿಲೋಮೀಟರು ಇರುವಾಗಲೇ ತಿರುನಾರಾಯಣರು ಎಡಗಡೆಯ ಇಂಡಿಕೇಟರು ಹಾಕಿದರು.

ಪಕ್ಕಕ್ಕೆ ಬಂದ ಆಟೋದವನು ಕತ್ತು ಹೊರಗೆ ಹಾಕಿದ. “ಯಾವ್ ಕಡೀಕ್ ಸ್ವಾಮಿ ಓಯ್ತಿರೋದು?”

“ಸಮುದ್ರಕ್ಕೆ ಕಣಪ್ಪ,” ಎಂದರು ತಿರುನಾರಾಯಣರು, ಮುಖ ಗಂಟಿಕ್ಕಿಕೊಂಡೇ.