ಗಲ್ಲಾಪೆಟ್ಟಿಗೆಯ ಪೂಜೆ

ಸದಾನಂದ ಕೋರ್ಟಿಗೆ ಸಪ್ಲೈಯರ್ ವೇಷ ಹಾಕಿಕೊಂಡು ಬಂದಿದ್ದ. ಮೊಣಕಾಲಿಗೆ ಎತ್ತಿ ಕಟ್ಟಿದ ಮಾಸಲು ಪಂಚೆ, ಹೆಗಲ ಮೇಲೆ ಸಾಂಬಾರಿನ ಕಲೆಯ ಟವೆಲು, ಬರಿಗಾಲು. ಮೈಲಾಪುರದಲ್ಲಿ ಮೂವತ್ತು ಮೇಜಿನ ಹೋಟೆಲು ನಡೆಸುವ ಧಣಿ ಹೀಗೆ ಗೋಡೆಗೆ ಒರಗಿ ಅಯ್ಯೋ ಪಾಪ ಎನ್ನುವಂತೆ ನಿಂತದ್ದನ್ನು ಕಂಡು ಸರಸಳ ಮೈ ಉರಿಯಿತು. ಉಂಗುರ ಕಳಚಿಟ್ಟ ಬೆರಳಿನ ಬುಡದಲ್ಲಿ ಬಿಳಿ ಗೆರೆ ಮಾತ್ರ ಉಳಿದಿತ್ತು. ಅದನ್ನು ಮುಚ್ಚುವಷ್ಟು ಬುದ್ಧಿ ಅವನಿಗೆ ಓಡಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಅರವತ್ತನೆಯ ಇಸವಿಯಲ್ಲಿ, ಇದೇ ಕೋರ್ಟು ಗಂಡಹೆಂಡಿರಾಗಿದ್ದ ಇಬ್ಬರನ್ನೂ ಬಿಡಿಸಿ, ಮಗಳು ಬೇಬಿಗೆ ತಿಂಗಳಿಗೆ ಮೂವತ್ತು ರೂಪಾಯಿ ಕೊಡಬೇಕೆಂದು ಅವನಿಗೆ ಹೇಳಿತ್ತು. ಆಮೇಲೆ ಅವನು ಅಕ್ಕು ಎಂಬವಳನ್ನು ಕಟ್ಟಿಕೊಂಡ. ಎರಡು ವರ್ಷ ತಡೆದು ಸರಸ ರೈಲ್ವೆ ಆಫೀಸಿನ ಗುಮಾಸ್ತ ವಿಷ್ಣುತೀರ್ಥನನ್ನು ಮದುವೆಯಾದಳು. ಹೆಂಡತಿ ಸತ್ತವನು, ಇಬ್ಬರು ಗಂಡುಮಕ್ಕಳಿದ್ದವನು. ಈಗ ಸದಾನಂದನ ಅರ್ಜಿ: ಹೋಟೆಲು ಅಣ್ಣ ವಿಷ್ಣುಮೂರ್ತಿಯದು, ತಾನು ಎಂಬತ್ತು ರೂಪಾಯಿ ಸಂಬಳದ ಆಳು, ಸರಸಳಿಗೆ ದುಡಿಯುವ ಗಂಡನಿದ್ದಾನೆ, ಅವಳೂ ಅಡ್ಯಾರಿನಲ್ಲಿ ಹೊಲಿಗೆ ಕಲಿಸಿ ಸಂಪಾದಿಸುತ್ತಾಳೆ, ಆದ್ದರಿಂದ ಮೂವತ್ತು ರೂಪಾಯಿ ನಿಲ್ಲಿಸಬೇಕು.

"ಮಗಳನ್ನು ನನ್ನ ಹತ್ತಿರ ಬಿಡು," ಎಂದ ಸದಾನಂದ, ಅವಳ ಮುಖ ನೋಡದೆ. "ಆಗ ನೀನು ಕೇಳುವುದೂ ಬೇಡ, ನಾನು ಕೊಡುವುದೂ ಬೇಡ."

"ಎಂಬತ್ತು ರೂಪಾಯಿಯ ಸಪ್ಲೈಯರ್ ನೀವು, ನನ್ನ ಮಗಳಿಗೆ ಎಂತ ಹಾಕಿ ಸಾಕ್ತೀರಿ?"

"ನಿನ್ನ ನಾಲಿಗೆ ಇನ್ನೂ ಹಾಗೇ ಉಂಟು."

"ನಾಲಿಗೆಗೆ ಎಂತ ಆಗಬೇಕಿತ್ತು? ಅದಕ್ಕೂ ಸಂಬಳ ಕಡಿಮೆ ಮಾಡಿದ್ದೀರಾ?"

ಸರಸಳ ವಕೀಲ ತಿರುಮಲರಾಯರು ಅವಳನ್ನು ಪಕ್ಕಕ್ಕೆ ಕರೆದರು. ಮೂರು ತಲೆಮಾರಿನಿಂದ ಮದರಾಸಿನವರು, ಕನ್ನಡ ಮಾತಾಡಿದರೂ ಅರ್ಧ ತಮಿಳು. "ನೋಡಮ್ಮಾ, ಅವರು ಬಡವ ಅಂತ ಆಗಿಬಿಟ್ರೆ ಪಣ ಹೋಯ್ತು, ಆ ಮೂವತ್ತು ರೂಪಾಯಿ. ಪಣಕ್ಕಾರ, ದುಡ್ಡಿರೋರು ಅಂತ ನಾವು ಪ್ರೂವ್ ಮಾಡಿದ್ರೆ, ಕೂಡಲೇ ಕೊಳಂದೆ, ಮಗೂನ ನನಗೆ ಕೊಡಿ ಅಂತಾರೆ. ಮದ್ದಳೆ ಥರ ಎರಡು ಕಡೇನೂ ಇಡಿ, ಏಟು. ಏನು ಮಾಡ್ಲಿ, ಹೇಳಿ."

ಸರಸಳಿಗೆ ಮೂರನೆಯ ಏಟೂ ಗೊತ್ತಿತ್ತು. ಬೆಳಿಗ್ಗೆ ಶೂ ಲೇಸು ಕಟ್ಟುತ್ತಾ ಗಂಡ ವಿಷ್ಣುತೀರ್ಥ ಹೇಳಿದ್ದ: "ಆ ಮೂವತ್ತು ನಿಂತ್ರೆ ಬೇಬೀನ ನಿಮ್ಮಮ್ಮನ ಹತ್ರ ಊರಿಗೆ ಕಳಿಸಿಬಿಡು. ನನ್ನ ಕೈಲಾಗಲ್ಲ, ಮುಡಿಯಾದು." ಕೋಪದಲ್ಲಿ ಹೇಳಿದ್ದರೆ ಅವಳು ಜಗಳವಾಡಬಹುದಿತ್ತು. ಅವನು ಹಾಲಿನವನಿಗೆ ನಾಳೆ ಅರ್ಧ ಸೇರು ಸಾಕು ಎನ್ನುವ ದನಿಯಲ್ಲಿ ಹೇಳಿದ್ದ. ದುಡ್ಡು ಹೋದರೆ ಮಗಳು ಹೋದಂತೆ. ದುಡ್ಡು ಬಂದರೆ ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು. ಅಷ್ಟು ಸಾಕೆಂದುಕೊಂಡಳು.

"ಒಂದೇ ಒಂದು ಪ್ರಶ್ನೆ ಕೇಳಿ," ಎಂದಳು. "ಶುಕ್ರವಾರ ಸಂಜೆ ಗಲ್ಲಾಪೆಟ್ಟಿಗೆಗೆ ಪೂಜೆ ಮಾಡುವುದು ಯಾರು ಅಂತ."

"ಪೂಜೆಗೂ ಕೇಸಿಗೂ ಏನು ಸಂಬಂಧ?"

"ನಮ್ಮ ಹೋಟೆಲಿನವರಲ್ಲಿ ಅದನ್ನು ಧಣಿಯೇ ಮಾಡಬೇಕು. ಬೇರೆಯವರು ಕುಂಕುಮ ಇಟ್ಟರೆ ಲಕ್ಷ್ಮಿ ಅವರ ಹಿಂದೆ ಹೋಗ್ತಾಳೆ ಅಂತ ಇವರ ನಂಬಿಕೆ. ಒಮ್ಮೆ ಇವರಿಗೆ ನೂರಮೂರು ಜ್ವರ. ನಾನು ಮಾಡ್ತೇನೆ ಅಂತ ಅಣ್ಣ ಹೇಳಿದ್ದಕ್ಕೆ ಇವರು ರಿಕ್ಷಾದಲ್ಲಿ ಮಲಗಿಕೊಂಡು ಹೋಗಿ ಆರತಿ ಎತ್ತಿದ್ದಾರೆ. ನೀವು ಕೇಳಿ. ಅಣ್ಣ ಎದುರಿಗೆ ಕೂತಿರುವಾಗಲೇ ಕೇಳಿ."

ಕಟಕಟೆಯಲ್ಲಿ ಸದಾನಂದ ಚೆನ್ನಾಗಿಯೇ ಸುಳ್ಳು ಹೇಳಿದ. ಲೈಸೆನ್ಸು ಅಣ್ಣನ ಹೆಸರಿನಲ್ಲಿದೆ, ಬಾಡಿಗೆ ಚೀಟಿ ಅಣ್ಣನ ಹೆಸರಿನಲ್ಲಿದೆ, ತಾನು ಇಡ್ಲಿ ತಟ್ಟೆ ಎತ್ತುವವನು. ಎದುರು ಬೆಂಚಿನಲ್ಲಿ ಕೂತ ಅಣ್ಣ ವಿಷ್ಣುಮೂರ್ತಿ ಒಂದೊಂದಕ್ಕೂ ತಲೆಯಾಡಿಸಿದ. ಆಗ ತಿರುಮಲರಾಯರು ಎದ್ದು ನಿಂತು, ತಮಿಳಿನಲ್ಲಿ, ಬಹಳ ಮೆಲ್ಲಗೆ ಗಲ್ಲಾಪೆಟ್ಟಿಗೆಯ ಪೂಜೆ ಯಾರದೆಂದು ಕೇಳಿದರು.

ಸದಾನಂದ ಅಣ್ಣನ ಕಡೆ ನೋಡಿದ. ಅಣ್ಣನದು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ವಿಷ್ಣುಮೂರ್ತಿ ಬೆಂಚಿನ ತುದಿಗೆ ಸರಿದು, ಕತ್ತು ಮುಂದೆ ಚಾಚಿ ತಮ್ಮನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಆಸೆ ಇತ್ತು. ಕಾಗದದಲ್ಲಿ ಕೊಟ್ಟದ್ದನ್ನು ನಾಳೆ ವಾಪಸು ಬರೆಸಿಕೊಳ್ಳಬಹುದು; ಲಕ್ಷ್ಮಿಯನ್ನು ಬಾಯಿಬಿಟ್ಟು ಕೊಟ್ಟರೆ ಯಾವ ರಿಜಿಸ್ಟ್ರಾರ್ ವಾಪಸು ಬರೆದುಕೊಟ್ಟಾನು?

"ಯಾರು ಮಾಡೋದು?" ಜಡ್ಜರೂ ಕೇಳಿದರು.

"ನಾನೇ," ಎಂದ ಸದಾನಂದ. "ಯಾವಾಗಲೂ ನಾನೇ."

ಆ ಮೇಲೆ ಹೋಟೆಲಿನ ಧಣಿ ಅವನೇ ಎಂಬುದು ಒಂದೊಂದಾಗಿ ಹೊರಬಿತ್ತು. ಮಗುವಿಗೆ ತಿಂಗಳಿಗೆ ಎಪ್ಪತ್ತು ರೂಪಾಯಿ ಬೇಕು, ತಾಯಿಯೂ ದುಡಿಯುವುದರಿಂದ ಇಪ್ಪತ್ತು ಅವಳದು, ಐವತ್ತು ತಂದೆಯದು, ಮಲತಂದೆಯ ಸಂಬಳ ಇಲ್ಲಿ ಲೆಕ್ಕಕ್ಕಿಲ್ಲ ಎಂದರು ಜಡ್ಜರು. ಸದಾನಂದನ ವಕೀಲ ಎದ್ದು, ಹಾಗಾದರೆ ಅನುಕೂಲಸ್ಥನಾದ ತಂದೆಗೇ ಮಗುವನ್ನು ಕೊಡಿ ಎಂದ. ಸರಸ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು. ಮೂವತ್ತು ರೂಪಾಯಿಗೂ ಗತಿಯಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಿದವರಿಗೆ ಮಗು ಕೊಡುವುದು ಹೇಗೆ ಎಂದು ಜಡ್ಜರು ಕಾಗದ ಮಡಚಿಟ್ಟರು.

ಹೊರಗೆ ಮೆಟ್ಟಿಲಲ್ಲಿ ಸದಾನಂದ ಅವಳನ್ನು ಹಾದುಹೋಗುವಾಗ ನಿಂತ. "ದೇವರನ್ನು ಕೋರ್ಟಿಗೆ ಎಳೆದೆಯಲ್ಲ, ನೀನು ಉದ್ಧಾರ ಆಗುವುದಿಲ್ಲ."

"ಒಂದನೇ ತಾರೀಕಿಗೆ ಮನಿಯಾರ್ಡರ್ ಕಳಿಸಿ," ಎಂದಳು ಸರಸ.

ವಿಷ್ಣುಮೂರ್ತಿ ತಮ್ಮನಿಗೆ ಕಾಯದೆ ಒಬ್ಬನೇ ಬಸ್ಸು ಹತ್ತಿದ್ದ.

ಮನೆಯಲ್ಲಿ ವಿಷ್ಣುತೀರ್ಥ ಕೈಕಾಲು ತೊಳೆದು ಬಂದು, "ಎಷ್ಟು?" ಎಂದ.

"ಐವತ್ತು."

"ಐವತ್ತಾ?" ಟವೆಲಿನಲ್ಲಿ ಮುಖ ಒರೆಸುವುದು ನಿಂತಿತು. ಅವನು ತಾನೇ ಮೂಲೆಯಿಂದ ಇನ್ನೊಂದು ಮಣೆ ತಂದು ಗಂಡುಮಕ್ಕಳ ಮಣೆಗಳ ಪಕ್ಕದಲ್ಲಿ ಹಾಕಿದ. "ಬೇಬಿ, ಇಲ್ಲೇ ಕೂತ್ಕೊ ಕಣ್ಣಾ. ಸರಸಾ, ಮಗೂಗೆ ತುಪ್ಪ ಹಾಕು."

ಈ ಮನೆಗೆ ಬಂದ ಮೇಲೆ ಬೇಬಿ ಎಲ್ಲರ ಊಟ ಮುಗಿದ ಮೇಲೆ ಒಳಗೆ ಅಮ್ಮನ ಜೊತೆ ಉಣ್ಣುತ್ತಿದ್ದಳು. "ನಾನಾ?" ಎಂದು ಕೇಳಿ, ಮಣೆಯ ಅಂಚಿನಲ್ಲಿ ಕೂತಳು. ಸರಸ ಅನ್ನ ಬಡಿಸಿ ತುಪ್ಪ ಹಾಕಿದಳು. ಅವಳಿಗೆ ಸಂತೋಷವಾಗಬೇಕಿತ್ತು, ಆದರೆ ಗಂಡನ ಮೇಲೆ ಇಷ್ಟು ಅಸಹ್ಯ ಅವಳಿಗೆ ಯಾವತ್ತೂ ಆಗಿರಲಿಲ್ಲ. ಗಂಡುಮಕ್ಕಳು ಹುಳಿ-ಅನ್ನ ಕಲಸಿ ಉಣ್ಣತೊಡಗಿದರು. ಬೇಬಿ ಮಾತ್ರ ಎಲೆಯನ್ನು ಮುಟ್ಟದೆ, ಯಾರು ಏಳು ಎನ್ನುತ್ತಾರೋ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.